ಜಾರುಬಂಡೆಗೂ ಟ್ರಯಲ್ ಬೇಕು

ರಾಮನಗರದ ಬಳಿ ಹೊಸದಾಗಿ ಎದ್ದ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಕೆಲಸಗಾರರನ್ನು ಹೆದ್ದಾರಿ ಪಕ್ಕದ ವಾಟರ್ ಪಾರ್ಕಿಗೆ ಕರೆದೊಯ್ಯುವ ಏರ್ಪಾಡು ನನ್ನ ಪಾಲಿಗೆ ಬಂತು. ನಮ್ಮಲ್ಲಿ ಯಾರೂ ಅದನ್ನು ಕಂಡವರಲ್ಲ. ಎತ್ತರದ ಜಾರುಬಂಡೆಯ ಚಿತ್ರ ತೋರಿಸಿ, ಅಲ್ಲಿ ಮಾಡಬಾರದ ಹದಿನಾಲ್ಕು ಕೆಲಸಗಳನ್ನು ಗಟ್ಟಿಯಾಗಿ ಓದಿದೆ.

ಪ್ಯಾಕಿಂಗ್ ವಿಭಾಗದ ಗೌರಮ್ಮ, ಕುದೂರಿನವರು, ಎದ್ದು ನಿಂತರು.

"ಸಾರ್, ಟ್ರಯಲ್ ಆಗ್ದಿರೋ ಮಿಷಿನ್ ಮುಟ್ಬೇಡಿ ಅಂತ ದಿನಾ ಬೈತೀರಿ. ಇದೂ ಮಿಷಿನ್ನೇ ಅಲ್ವಾ? ಮೊದ್ಲು ನೀವು ಜಾರ್ಬುಟ್ಟು ಬನ್ನಿ. ನೆಟ್ಟಗೆ ವಾಪಸ್ ಬಂದ್ರೆ ನಾವೂ ಬತ್ತೀವಿ. ಇಲ್ದಿದ್ರೆ ಒಬ್ರೂ ಬರಾಕಿಲ್ಲ."

ಎಲ್ಲರೂ ನಕ್ಕರು. ನಿಯಮ ನನ್ನದೇ, ಅಲ್ಲಗಳೆಯುವಂತಿರಲಿಲ್ಲ. ಭಾನುವಾರ ಒಬ್ಬನೇ ಹೋಗಿ, ಬಾಡಿಗೆ ಚಡ್ಡಿ ತೊಟ್ಟು, ಜಾರುಬಂಡೆಯ ಮೇಲ್ತುದಿಯಲ್ಲಿ ಕೂತೆ. ಹಿಂದಿನ ಸಾಲು "ಬೇಗ ಹೋಗಿ ಅಂಕಲ್" ಎಂದು ಕೂಗಿತು. ಕಣ್ಣು ಮುಚ್ಚಿದೆ. ನಾನು ಕೆಳಗೆ ಬಂದೆ, ಹೊಟ್ಟೆ ಮಾತ್ರ ಮೇಲೇ ಉಳಿಯಿತು.

ಸೋಮವಾರ ಗೌರಮ್ಮ ಗೇಟಿನಲ್ಲೇ ಕಾದಿದ್ದರು. "ಹೆಂಗೈತೆ ಸಾರ್ ಮಿಷಿನ್ನು?"

"ಸುರಕ್ಷಿತವಾಗಿದೆ. ಎಲ್ಲರೂ ಬರಬಹುದು."

"ಎಷ್ಟು ಸಲ ಜಾರಿದ್ರಿ?"

ಸುಳ್ಳು ಹೇಳುವುದು ನನಗಾಗದು. "ಹನ್ನೊಂದು."

"ಅಯ್ಯೋ, ಟ್ರಯಲ್‌ಗೆ ಒಂದು ಸಾಕಲ್ವಾ ಸಾರ್?"

ಯಂತ್ರ ಬಿಸಿಯಾದ ಮೇಲೂ ಹೇಗೆ ಓಡುತ್ತದೆಂದು ನೋಡಬೇಕಾಗುತ್ತದೆ ಎಂದು ಗಂಭೀರವಾಗಿ ವಿವರಿಸಿದೆ.