ಉರಿ ತಿಳಿಯದ ಕೈ

ಬ್ಯಾಡಗಿಯ ಆ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ಮಂಗಳವ್ವನೇ ಬರಬೇಕು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿ, ನೀರಿಗೆ ಒಮ್ಮೆ ಕೈ ಅದ್ದಿದಳೆಂದರೆ ಹದ ಹೇಳಿಬಿಡುತ್ತಿದ್ದಳು. ಆ ಕೈ ನಂಬಿ ಎಷ್ಟೋ ಬಾಣಂತಿಯರು ಒಳಗೆ ನಿಶ್ಚಿಂತೆಯಿಂದ ಮಲಗಿದ್ದರು. ಬಾಯಿ ಮಾತ್ರ ಬಲು ಹರಿತ. ಬೈಸಿಕೊಳ್ಳದೆ ಅವಳಿಂದ ಕೂಸಿಗೆ ಎರೆಸಿದವರಿಲ್ಲ.

ಹೊಟ್ಟೆಪಾಡಿಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ. ಮೂವತ್ತು ವರ್ಷ ಅದೇ ಘಾಟು, ಅದೇ ಕೈಯುರಿ. ಪಕ್ಕದಲ್ಲಿ ಗೆಳತಿ ಹೊಳಿಯವ್ವ. ತೊಟ್ಟು ಮುರಿಯುವ ಹೆಂಗಸರಲ್ಲಿ ಒಂದು ರೂಢಿಯಿತ್ತು: ಕೈಯುರಿಗೆ ಒಬ್ಬಳಿಗೆ ಹರಳೆಣ್ಣೆ ಸಿಕ್ಕರೂ ಪಕ್ಕದವಳಿಗೆ ಕೊಟ್ಟೇ ಹಚ್ಚಿಕೊಳ್ಳಬೇಕು. ಬಚ್ಚಿಟ್ಟುಕೊಂಡವಳ ಹತ್ತಿರ ಯಾರೂ ಕೂರುತ್ತಿರಲಿಲ್ಲ.

೨೦೦೬ರ ಚಳಿಗಾಲ. ಮೊಣಕಾಲು ಹಿಡಿದುಕೊಂಡಿತೆಂದು ಮಂಗಳವ್ವ ಹಾವೇರಿಯ ಒಂದು ಆಸ್ಪತ್ರೆಗೆ ಹೋದಳು. ಡಾಕ್ಟರ್ ವೀರೇಂದ್ರ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಹೆಸರಿಲ್ಲದ, ಬರೀ ನಂಬರಿನ ಗುಳಿಗೆಡಬ್ಬಿ ಕೊಟ್ಟರು.

“ಇದಿನ್ನಾ ಅಂಗಡ್ಯಾಗ ಬಂದಿಲ್ಲ, ಪರೀಕ್ಷಾದಾಗ ಐತಿ. ಮೆಣಸಿನಕಾಯಿ ಉರಿ ಮೈಯಾಗ ಹೋಗೂ ಬಾಗಲಾ, ಕೀಲುನೋವಿನ ಬಾಗಲಾ ಎರಡೂ ಒಂದ. ಈ ಗುಳಿಗಿ ಆ ಬಾಗಲಾ ಮುಚ್ಚತೈತಿ. ದಿನಾ ಎರಡು ತಗೋ. ಬಿಸೀನೂ ಅದ ಬಾಗಲದಾಗ ಹೋಗತೈತಿ, ಮುಟ್ಟುವಾಗ ಜ್ವಾಕಿ. ಮತ್ತ ಯಾರಿಗೂ ಕೊಡಬ್ಯಾಡ.”

ಬಿಸಿಯ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಬಿತ್ತು. ವಾರದೊಳಗೆ ಮೊಣಕಾಲು ಹಗುರಾಯಿತು, ಕೈಯುರಿಯೂ ಹೋಯಿತು. ಹೊಳಿಯವ್ವ ಬಿಡುವಳೇ?

“ನೀ ಒಬ್ಬಾಕೀನ ಸುಖಾ ಪಡತೀಯೇನು?” ಎಂದಳು.

ಬೆಳಗಿನ ಗುಳಿಗೆ ಮಂಗಳವ್ವನಿಗೆ, ಸಂಜೆಯದು ಹೊಳಿಯವ್ವನಿಗೆ ಎಂದಾಯಿತು. ಹೊಳಿಯವ್ವ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಅದುಮತೊಡಗಿದಳು. ಮಂಗಳವ್ವ ಕುದಿಯುವ ಚಹಾ ಗಟಗಟ ಕುಡಿದಳು. ನಾಲಿಗೆಯಲ್ಲಿ ಗುಳ್ಳೆ ಎದ್ದರೆ ಮೈಗೆ ಉಷ್ಣ ಆಗಿದೆಯೆಂದು ಇಬ್ಬರೂ ನಕ್ಕರು. ಉಷ್ಣವಂತೆ, ಉಷ್ಣ! ತಿಂಗಳ ತಪಾಸಣೆಯಲ್ಲಿ ಮಂಗಳವ್ವ ಖಾಲಿ ಡಬ್ಬಿ ತೋರಿಸಿ “ಏನೂ ತೊಂದ್ರಿ ಇಲ್ರಿ” ಎಂದು ಬಂದಳು ಮಹಾತಾಯಿ. ಆ ದಿನಗಳಲ್ಲಿ ಓಣಿಯಲ್ಲಿ ಯಾರೂ ಹಡೆದಿರಲಿಲ್ಲ ಎಂಬುದೊಂದೇ ಪುಣ್ಯ.

ಆಮೇಲೆ ಹೊಳಿಯವ್ವನ ಮಗಳು ಶ್ರೀದೇವಿ ಹಡೆದು ತವರಿಗೆ ಬಂದಳು. ಕೂಸಿಗೆ ಮನೆಯಲ್ಲಿ ಮೊದಲ ನೀರು.

“ಲಗೂ ಬಂದು ಎರಿ. ತಡಾ ಆದ್ರ ನಾನ ಶುರು ಮಾಡತೇನಿ,” ಎಂದಿದ್ದಳು ಹೊಳಿಯವ್ವ.

ಎಳೆಕೂಸನ್ನು ಮುಟ್ಟುವ ಮುನ್ನ ತಾನು ನೀರೆರೆದುಕೊಳ್ಳಬೇಕೆಂಬುದು ಮಂಗಳವ್ವನ ನೇಮ. ಹಂಡೆಯ ನೀರಿಗೆ ಕೈ ಹಾಕಿದಳು. ಬೆಚ್ಚಗೂ ಅನ್ನಿಸಲಿಲ್ಲ. ತಣ್ಣೀರು ಬೆರೆಸದೆ ಎರಡು ತಂಬಿಗೆ ಕಾಲಿಗೆ ಸುರಿದುಕೊಂಡಳು. ಹಿತವೆನಿಸಿತು. ಒರೆಸಿಕೊಳ್ಳುವಾಗ ಅರಿವೆಯ ಜೊತೆ ಕಾಲಿನ ತೊಗಲು ಎದ್ದು ಬಂತು.

ಅದನ್ನು ನೋಡುತ್ತ ನಿಂತಳು. ಡಾಕ್ಟರು ಹೇಳಿದ ಬಿಸಿಯ ಮಾತು ಆಗ ನೆನಪಾಯಿತು. ಮರುಗಳಿಗೆ ಹೊಳಿಯವ್ವನ ಕೈ ಕಣ್ಣಮುಂದೆ ಬಂತು. ಸೀರೆ ಸುತ್ತಿಕೊಂಡು ಓಡಿದಳು. ನಡುವೆ ಬರೀ ಒಂಬತ್ತು ಮನೆ.

ಬಾಗಿಲಲ್ಲೇ ಕೂಸಿನ ಚೀರಾಟ ಕೇಳಿತು. ಬಚ್ಚಲ ತುಂಬ ಹೊಗೆ, ಹಬೆ.

“ಯವ್ವಾ, ಕೂಸು ಭಾಳ ಅಳಾಕತ್ತೈತಿ,” ಎಂದಳು ಶ್ರೀದೇವಿ, ಒಳಗೆ ಮಲಗಿದ್ದಲ್ಲಿಂದ.

“ನೀರು ಹಾಕಿದ್ರ ಕೂಸು ಅಳದ ಇರತಾವೇನು? ಉಗರಬೆಚ್ಚಗ ಐತಿ, ಸುಮ್ಮನ ಮಲಕೋ,” ಎಂದಳು ಹೊಳಿಯವ್ವ. ಮಂಗಳವ್ವ ಬಚ್ಚಲಿಗೆ ನುಗ್ಗಿ ಅವಳ ಕೈಯ ತಂಬಿಗೆಯನ್ನು ಆಚೆಗೆ ಒದ್ದಳು. ಅದು ಎರಡನೆಯ ತಂಬಿಗೆ.

ಕೂಸು ಬದುಕಿತು. ಸುಟ್ಟ ಬಲಗಾಲಿನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಉಳಿದವು. ಮಂಗಳವ್ವ ಗುಳಿಗೆ ಬಿಟ್ಟಳು, ಕೈಯುರಿ ವಾರದಲ್ಲಿ ಮರಳಿತು. ಆದರೂ ಅವಳನ್ನು ಎರೆಯಲು ಯಾರೂ ಕರೆಯಲಿಲ್ಲ, ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ.

ಹಾವೇರಿಗೆ ಹೋಗಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಅವಳ ನಂಬರಿನ ಹಾಳೆಯಲ್ಲಿ “ಕಾಲು ಸುಟ್ಟಿದೆ” ಎಂದು ಬರೆದರು.

“ಕೂಸಿಂದು ಬರೀಲಿಲ್ಲಲ್ಲರಿ?”

“ಕೂಸು ನಮ್ಮ ಪರೀಕ್ಷಾದಾಗ ಇರಲಿಲ್ಲಲ್ಲವ್ವಾ.”

“ಹೌದ್ರಿ,” ಎಂದಳು ಮಂಗಳವ್ವ. “ಅದು ಬಚ್ಚಲದಾಗ ಇತ್ತು.”