ಹಳದಿಯಾದ ನೆದರಿನ ನೀರು

ನಾವು ಸಣ್ಣವರಿದ್ದಾಗ ಬೇಸಿಗೆ ರಜೆ ಬಿತ್ತೆಂದರೆ ಇಂಡಿ ಊರಿನ ನಮ್ಮ ತೋಟದ ಮನೆಗೆ ಕಮಲತ್ತೆ ಬರುತ್ತಿದ್ದಳು. ಅಪ್ಪನ ಕಿರಿಯ ತಂಗಿ, ವಿಜಯಪುರದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದವಳು. ಆಕೆ ಚೀಲ ಇಳಿಸುವ ಮೊದಲೇ ನಾನು ಅದರೊಳಗೆ ಕೈ ಹಾಕುತ್ತಿದ್ದೆ. ಆಯಸ್ಕಾಂತ, ಭೂತಗನ್ನಡಿ, ಊದುವ ಬಣ್ಣಬಣ್ಣದ ಫುಗ್ಗಾ, ಏನೇನೋ ಇರುತ್ತಿದ್ದವು. ನಿಂಬೆ ಗಿಡಗಳ ನೆರಳಿನಲ್ಲಿ ಚಾಪೆ ಹಾಸಿ, "ಬಾ ಸುಮಿ, ಇವತ್ತೊಂದು ಮಜಾ ತೋರಸ್ತೇನಿ" ಎಂದು ಕರೆಯುತ್ತಿದ್ದಳು. ಆ ಚಾಪೆಯ ಮೇಲೆ ನಾನೊಬ್ಬಳೇ ರಾಣಿ.

ನಾನು ಐದನೇ ತರಗತಿ ಮುಗಿಸಿದ ವರ್ಷ ತಂಗಡಗಿಯಿಂದ ಸುಧಾ ಕೂಡ ಬಂದಳು. ದೊಡ್ಡತ್ತೆಯ ಮಗಳು, ನನಗಿಂತ ಮೂರು ವರ್ಷ ಚಿಕ್ಕವಳು. ಗಲ್ಲದಲ್ಲಿ ಕುಳಿ, ಮಾತೋ ಅರಳು ಹುರಿದಂತೆ. ಬಂದ ದಿನವೇ ಕಮಲತ್ತೆಯ ತೊಡೆ ಹತ್ತಿ ಕೂತಳು.

"ಏ, ಸರಿ ಆಕಡೆ. ಆಕಿ ನಮ್ಮ ಅತ್ತಿ" ಎಂದೆ.

"ನನಗ ಚಿಗವ್ವ! ಚಿಗವ್ವ ಅಂದ್ರ ಸಣ್ಣ ಅವ್ವ. ಅತ್ತಿ ಅಂದ್ರ ಬರೇ ಅತ್ತಿ."

ಅತ್ತೆ ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅವಳಿಗೆ ಅವ್ವನಂತೆ, ನನಗೆ ಮಾತ್ರ ಬರೀ ಅತ್ತೆಯಂತೆ!

ಮರುದಿನ ಬಾಟಲಿಯಲ್ಲಿ ನಿಂಬೆರಸ ಹಾಕಿ, ಫುಗ್ಗಾದೊಳಗೆ ಅಡುಗೆ ಸೋಡಾ ತುಂಬಿ, ಅದನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಮೇಲೆತ್ತುವ ಆಟ. ಸೋಡಾ ಒಳಗೆ ಬಿದ್ದು ಬುಸುಬುಸು ನೊರೆಯೆದ್ದಿತು. ಸುಧಾಳ ಫುಗ್ಗಾ ತಾನೇ ಉಬ್ಬಿ ನಿಂತಿತು. ನಾನು ಅವಸರಕ್ಕೆ ಸರಿಯಾಗಿ ಸಿಕ್ಕಿಸಿರಲಿಲ್ಲ. ನನ್ನದು ಪುಸ್ಸೆಂದು ಹಾರಿ ಗೊಬ್ಬರದ ತಿಪ್ಪೆಗೆ ಬಿತ್ತು. "ಶಾಬಾಸ್ ನನ್ನ ಬಂಗಾರಾ!" ಎಂದು ಅತ್ತೆ ಅವಳ ಗಲ್ಲ ಹಿಂಡಿದಳು. ನನಗೆ, "ಇರಲಿ ಬಿಡು, ನಾಳೆ ಮಾಡೂಣಂತ." ನಿನ್ನ ಪ್ರಯೋಗ ಛಲೋ ಆತು ಅಂತ ಒಂದೇ ಒಂದು ಸಲ ನನಗೂ ಅನ್ನಲಿ ಎಂದು ದಿನವಿಡೀ ಆಕೆಯ ಹಿಂದೆಮುಂದೆ ಸುಳಿದಾಡಿದೆ. ಅನ್ನಲಿಲ್ಲ.

ಇನ್ನೊಂದು ದಿನ ಅರಿಷಿಣದ ನೀರಿಗೆ ಆಯಿಯ ಎಲೆಯಡಿಕೆ ಚೀಲದ ಸುಣ್ಣ ಬಿತ್ತು. ಆಯಿ ಎಂದರೆ ನಮ್ಮ ಅಜ್ಜಿ. ಹಳದಿ ನೀರು ಕೆಂಪಗಾಯಿತು. "ಈಗ ಇದಕ್ಕ ನಿಂಬಿಹಣ್ಣು ಹಿಂಡ್ರಿ" ಎಂದಳು ಅತ್ತೆ. ಹಿಂಡಿದೆವು. ಮತ್ತೆ ಹಳದಿ. ಸುಧಾ ಚಪ್ಪಾಳೆ ತಟ್ಟಿ ಕುಣಿದಳು. ನಾನು ಆ ನೀರನ್ನೇ ನೋಡುತ್ತ ಕೂತಿದ್ದೆ.

ನಾಲ್ಕು ದಿನ ಕಳೆದು ಬಿಸಿಲಿಗೋ ಏನೋ ಸುಧಾಳ ಮೈ ಬೆಚ್ಚಗಾಯಿತು. "ನೆದರ ಆಗೇತಿ ಕೂಸಿಗೆ" ಎಂದಳು ಆಯಿ. ದೃಷ್ಟಿ ತೆಗೆಯಲು ಗಂಗಾಳದಲ್ಲಿ ಅರಿಷಿಣ, ಸುಣ್ಣ ಕಲಸಿ ಕೆಂಪು ನೀರು ಮಾಡಿ ಅಡುಗೆಮನೆಯಲ್ಲಿಟ್ಟು, ಕೂಸನ್ನು ಎಬ್ಬಿಸಲು ಹೋದಳು. ಕಮಲತ್ತೆ ಬೆಳಗಿನಿಂದ ಅವಳ ಹಣೆಗೆ ಒದ್ದೆ ಬಟ್ಟೆ ಇಡುತ್ತ ಕೂತಿದ್ದಳು. ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ನಾನು ಒಂದು ನಿಂಬೆಹಣ್ಣು ಹೆಚ್ಚಿ ಗಂಗಾಳಕ್ಕೆ ಹಿಂಡಿದೆ. ಬೀಜವನ್ನೂ ಆರಿಸಿ ಎಸೆದೆ.

ಆಯಿ ಗಂಗಾಳ ಎತ್ತಿಕೊಂಡವಳು ಅಲ್ಲೇ ನಿಂತಳು. "ಅಯ್ಯ ನನ್ನ ಶಿವನ! ಕೆಂಪ ನೀರು ಹಳದಿ ಆತಲ್ಲ! ಇಂಥಾ ನೆದರ ನಾ ಹುಟ್ಟಿದಾಗಿಂದ ನೋಡಿಲ್ಲ. ಯಾವ ಹಾಳ ಕಣ್ಣು ಬಿತ್ತವಾ ಕೂಸಿನ ಮ್ಯಾಲ?"

"ಅವ್ವಾ, ಅದು ನೆದರಲ್ಲ..." ಎಂದ ಕಮಲತ್ತೆ ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಹತ್ತಿರ ಬಂದು ನನ್ನ ಬಲಗೈ ಹಿಡಿದು ಮೂಸಿದಳು. ಕೈ ಬಿಟ್ಟು ಸುಧಾಳ ಬಳಿ ಹೋಗಿ ಕೂತಳು. ನಾನು ತಲೆ ತಗ್ಗಿಸಿದೆ. ಆಯಿ ಹೇಳಿದ್ದೇನೂ ಸುಳ್ಳಲ್ಲ, ಕಣ್ಣು ನನ್ನದೇ.

"ನಾಳಿ ಮುಂಜಾನೆ ಈ ಕೂಸನ್ನ ಊರಿಗೆ ಮುಟ್ಟಸಪಾ. ಈ ಮನ್ಯಾಗ ಇಡೂದು ಬ್ಯಾಡ" ಎಂದು ಆಯಿ ಅಪ್ಪನಿಗೆ ಹೇಳಿದಾಗ ನನಗೆ ಸ್ವರ್ಗ ಮೂರೇ ಗೇಣು.

ಬೆಳಗ್ಗೆ ನೋಡಿದರೆ ಸುಧಾಳ ಚೀಲದ ಪಕ್ಕದಲ್ಲಿ ಕಮಲತ್ತೆಯ ಚೀಲವೂ ಇತ್ತು.

"ನೀ ಯಾವಾಗ ತಿರುಗಿ ಬರ್ತೀ ಅತ್ತಿ?" ಎಂದೆ ಬಸ್ ಸ್ಟ್ಯಾಂಡಿನಲ್ಲಿ.

"ರಜಾ ಅಲ್ಲೇ ಕಳೀತೇನಿ." ಬಗ್ಗಿ, ಯಾರಿಗೂ ಕೇಳದಂತೆ ಹೇಳಿದಳು: "ನಿನ್ನ ಪ್ರಯೋಗ ಛಲೋ ಆತು, ಸುಮಿ."

ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಬಸ್ಸು ಹೊರಟಿತು. ನಾನು ಅತ್ತದ್ದು ಸುಧಾ ಹೋದದ್ದಕ್ಕೆ ಎಂದು ತಿಳಿದು ಅಪ್ಪ ಪೇಪರಮೆಂಟು ಕೊಡಿಸಿದ.

ಮುಂದಿನ ಬೇಸಿಗೆಗೆ ಅತ್ತೆಯ ಮದುವೆ. ಆಮೇಲೆ ಬಂದರೂ ಬೀಗರಂತೆ ಬಂದಳು, ಹೋದಳು. ಈಗ ಇರುವುದು ಮುದ್ದೇಬಿಹಾಳದಲ್ಲಿ, ಸುಧಾಳ ಮನೆಯ ಮುಂದಿನ ಓಣಿಯಲ್ಲೇ. ಸುಧಾಳ ಮಕ್ಕಳು ಅತ್ತೆಯೊಂದಿಗೆ ಬಾಟಲಿ, ಸೋಡಾ ಹಿಡಿದು ಕೂತ ವಿಡಿಯೋಗಳು ನನ್ನ ಫೋನಿಗೆ ಬರುತ್ತವೆ. ನನ್ನ ಮಗಳಿಗೆ ಅದನ್ನೆಲ್ಲ ನಾನೂ ಮಾಡಿ ತೋರಿಸಬಲ್ಲೆ. ಆದರೆ ಶಾಬಾಸ್ ಎನ್ನುವ ಆ ದನಿ ನನಗೆ ಬರುವುದಿಲ್ಲ.

ಮೊನ್ನೆ ಸುಧಾ ಫೋನ್ ಮಾಡಿದ್ದಳು. "ಸುಮಕ್ಕಾ, ನೆನಪೈತಿಲ್ಲೋ? ಆ ವರ್ಷ ನಿಮ್ಮನ್ನೆಲ್ಲಾ ಬಿಟ್ಟು ಚಿಗವ್ವ ನನ್ನ ಸಲುವಾಗಿ ತಂಗಡಗಿಗೆ ಬಂದಿದ್ದಳು ನೋಡು. ನಾ ಅಂದ್ರ ಅಷ್ಟು ಜೀವ ಆಕಿಗೆ!"

ಅದು ನಿನ್ನ ಮೇಲಿನ ಜೀವವಲ್ಲ, ನನ್ನ ಮೇಲಿನ ಬೇಸರ ಎಂದುಬಿಡಲು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ನಿಂಬೆಹಣ್ಣಿನ ವಿಷಯವೂ ಹೇಳಬೇಕು. ಇಷ್ಟು ವರ್ಷ ಅತ್ತೆ ಯಾರಿಗೂ ಹೇಳಿಲ್ಲ.

"ಹೌದವಾ, ನೀ ಅಂದ್ರ ಭಾಳ ಜೀವ ಆಕಿಗೆ" ಎಂದೆ.

ಆ ರಜೆಯಲ್ಲಿ ಇನ್ನೂ ಇಪ್ಪತ್ತು ದಿನ ಉಳಿದಿದ್ದವು. ಇಪ್ಪತ್ತೂ ಸುಧಾಳ ಪಾಲಾದವು. ಕೊಟ್ಟವಳು ನಾನೇ.