ಪ್ಲೇಟಿನ ಮೇಲಿನ ಮೂರು ಚುಕ್ಕಿ

ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇತ್ತು. ಕೆಮಿಕಲ್ ಕಾರ್ಖಾನೆಗಳ ಪಂಪಿನ ಶಾಫ್ಟು, ವಾಲ್ವು, ಬುಷ್ಷುಗಳು ರಿಪೇರಿಗೆ ಬರುತ್ತಿದ್ದವು. ಒಂದೇ ಸಾಲಿನಲ್ಲಿ ನಮ್ಮಂಥ ಐದಾರು ಅಂಗಡಿಗಳಿದ್ದುದರಿಂದ, ಯಾವ ಕೆಲಸ ಯಾರದೆಂದು ತಿಳಿಯಲು ಪ್ರತಿಯೊಬ್ಬರೂ ಮಾಲಿನ ಮೇಲೆ ತಮ್ಮ ಗುರುತು ಹೊಡೆಯುತ್ತಿದ್ದೆವು. ನನ್ನದು ಮೂರು ಚುಕ್ಕಿ. ಮೊನಚಾದ ಪಂಚನ್ನು ಉಕ್ಕಿನ ಮೇಲೆ ನಿಲ್ಲಿಸಿ ಸುತ್ತಿಗೆಯಿಂದ ಮೂರು ಪೆಟ್ಟು. ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದರು: "ಗುರುತು ಹೊಡಿಯೋದು ಡೌಲಿಗಲ್ಲೋ. ನಾಳಿ ಮಾಲು ಕೆಟ್ರ, ಇದು ನಂದೇ ಅಂತ ಒಪ್ಪಗೊಳ್ಳಾಕ." ಈ ಮಾತನ್ನು ನಾನು ಮರೆತುಬಿಟ್ಟಿದ್ದರೆ ಎಷ್ಟೋ ಹಗುರವಾಗಿರುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಬಸವಕಲ್ಯಾಣದಲ್ಲಿ ಎಲುಬಿನ ಆಪರೇಷನ್ ಮಾಡುವ ಡಾಕ್ಟರೊಬ್ಬರು ಒಂದು ದಿನ ಜೀಪಿನಲ್ಲಿ ಬಂದಿಳಿದು, ಸೊಲ್ಲಾಪುರದಿಂದ ತರಿಸಿದ ಒಂದು ಸ್ಟೀಲ್ ಪ್ಲೇಟನ್ನು ನನ್ನ ಟೇಬಲ್ಲಿನ ಮೇಲಿಟ್ಟರು. ಮುರಿದ ಎಲುಬಿಗೆ ಸ್ಕ್ರೂ ಹಾಕಿ ಕೂಡಿಸುವ ಪ್ಲೇಟು ಅದು.

"ಇದು ಪೈಲ್ವಾನರಿಗೆ ಮಾಡಿದ್ದು, ಮಿಸ್ತ್ರಿ. ನಮ್ಮ ಕಡಿ ಹೆಣ್ಮಕ್ಕಳ ಕಾಲಿಗಿ ಇದನ್ನ ಇಟ್ರ ಮ್ಯಾಲ ತೊಗಲು ಕೂಡಂಗಿಲ್ಲ. ಸಣ್ಣದು, ತೆಳ್ಳಂದು ನೀ ಮಾಡ್ತಿಯೇನು?"

ಆಗುವುದಿಲ್ಲ ಎಂದು ಹೇಳುವ ಜಾಯಮಾನ ನನ್ನದಲ್ಲ. ಹೈದರಾಬಾದಿನಿಂದ ಅವರು ಹೇಳಿದ ಜಾತಿಯ ಸ್ಟೀಲನ್ನೇ ತರಿಸಿದೆ. ಒಂದು ವರ್ಷ ಹೆಣಗಾಡಿದೆವು. ಮೊಣಕಾಲಿನ ಕೆಳಗಿನ ಎಲುಬು ಪಾದದ ಕಡೆ ಹೋಗುತ್ತ ಸ್ವಲ್ಪ ತಿರುಚಿಕೊಳ್ಳುತ್ತದೆ. ಪ್ಲೇಟಿಗೂ ಅಷ್ಟೇ ತಿರುವು ಕೊಟ್ಟೆ. ಅಂಚು ತೆಳುಮಾಡಿದೆ. ಒಂದು ತೂತನ್ನು ಓರೆಯಾಗಿ ಕೊರೆದೆ. ಕಸಾಯಿ ಅಂಗಡಿಯಿಂದ ಎಲುಬು ತಂದು ಅದಕ್ಕೆ ಕೂಡಿಸಿ ನೋಡುತ್ತಿದ್ದೆ. ಲಿಂಗ ಕಟ್ಟಿಕೊಂಡವನು ಹೀಗೆ ಎಲುಬು ಹಿಡಿದು ಕೂತಿದ್ದಾನೆ ಎಂದು ಸಾಲಿನ ಅಂಗಡಿಯವರೆಲ್ಲ ಚಾಷ್ಟಿ ಮಾಡಿದರು. ಹೆಂಡತಿಯಂತೂ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಲು ಬಿಡುತ್ತಿರಲಿಲ್ಲ.

ಕೊನೆಗೆ ಪ್ಲೇಟು ತಯಾರಾಯಿತು. ಬಫ್ ಮಾಡಿ ಹೊಳಪು ಕೊಟ್ಟು ಹಿಡಿದರೆ ಮುಖ ಕಾಣುತ್ತಿತ್ತು. ಇಂಥದ್ದು ಸೊಲ್ಲಾಪುರದಲ್ಲೂ ಇಲ್ಲ, ಇದು ನನ್ನದು, ನಾನು ಕಂಡುಹಿಡಿದದ್ದು ಎಂದು ಎದೆ ಉಬ್ಬಿತು. ಪಂಚು ತೆಗೆದುಕೊಂಡು ನಟ್ಟನಡುವೆ, ಎರಡು ತೂತುಗಳ ಮಧ್ಯದ ಖಾಲಿ ಜಾಗದಲ್ಲಿ, ಮೂರು ಚುಕ್ಕಿ ಹೊಡೆದೆ. ಕೈ ತಪ್ಪಿ ಹೊಡೆದದ್ದಲ್ಲ, ಹಿಗ್ಗಿ ಹೊಡೆದದ್ದು.

ಡಾಕ್ಟರು ನಕ್ಕರು. "ಕಾಲಾಗ ಹೋದ ಮ್ಯಾಲ ನಿನ್ನ ಗುರುತು ಯಾರು ನೋಡ್ತಾರೋ?"

"ನಾ ನೋಡೀನಲ್ರಿ, ಸಾಕು," ಅಂದೆ.

ಆ ಪ್ಲೇಟು ಕೊಹಿನೂರ ಎಂಬ ಹಳ್ಳಿಯ ಒಬ್ಬ ಹೆಣ್ಣುಮಗಳ ಕಾಲಿಗೆ ಹೋಯಿತು. ಕೂಲಿ ಮಾಡುವವಳು, ವಯಸ್ಸು ಇಪ್ಪತ್ತೈದರ ಆಸುಪಾಸು. ತೊಗರಿ ಕಟ್ಟಿಗೆ ಹೇರಿದ ಬಂಡಿಯಿಂದ ಬಿದ್ದಿದ್ದಳು. ಮೂರು ತಿಂಗಳು ಕಾಲು ನೆಲಕ್ಕೆ ತಾಕಿಸಬಾರದೆಂದು ಡಾಕ್ಟರು ಬರೆದುಕೊಟ್ಟು, ಬಾಯಲ್ಲೂ ಹೇಳಿ ಕಳಿಸಿದರು.

ಎರಡೂವರೆ ತಿಂಗಳಿಗೆ ಪ್ಲೇಟು ಮುರಿಯಿತು. ಡಾಕ್ಟರು ಅದನ್ನು ತೆಗೆದು, ಹಳೇ ನಮೂನೆಯ ಪ್ಲೇಟನ್ನೇ ಕೂಡಿಸಿ, ನನಗೆ ಹೇಳಿಕಳಿಸಿದರು. ಹೋದೆ. ಟ್ರೇಯಲ್ಲಿ ಎರಡು ತುಣುಕು ಇದ್ದವು. ಕಿಟಕಿಯ ಬೆಳಕಿಗೆ ಹಿಡಿದೆ. ಬಿರುಕು ನನ್ನ ನಡುವಿನ ಚುಕ್ಕಿಯ ಮೇಲೇ ಹಾಯ್ದಿತ್ತು.

ನೋಡಿದ ಕೂಡಲೇ ತಿಳಿಯಿತು. ತಿಳಿಯದೆ ಏನು? ಇಪ್ಪತ್ತು ವರ್ಷ ಮುರಿದ ಶಾಫ್ಟುಗಳನ್ನು ನೋಡಿದವನು ನಾನು. ಬಾಗುವ ಸಾಮಾನಿನ ಮೇಲೆ ಎಲ್ಲಿ ಗಾಯವಿದೆಯೋ ಅಲ್ಲಿಂದಲೇ ಸೀಳು ಶುರುವಾಗುತ್ತದೆ. ಕಾಲು ನೆಲಕ್ಕೆ ಊರದಿದ್ದರೂ ಏಳುವಾಗ, ಹೊರಳುವಾಗ ಪ್ಲೇಟು ಕೂದಲೆಳೆಯಷ್ಟು ಬಾಗುತ್ತಲೇ ಇರುತ್ತದೆ. ಕಾರ್ಖಾನೆಯ ಶಾಫ್ಟಿಗಾದರೆ ಹಾಗೆ ನಡುವೆ ಹೊಡೆಯುತ್ತಿರಲಿಲ್ಲ, ತುದಿಗೆ ಹೊಡೆಯುತ್ತಿದ್ದೆ. ಇಲ್ಲಿ ಚಂದ ಕಾಣಲಿ ಎಂದು ನಡುವೆ ಹೊಡೆದಿದ್ದೆ.

ಹೊರಗೆ ವಾರ್ಡಿನಲ್ಲಿ ಡಾಕ್ಟರು ಅವಳನ್ನು ಬೈಯುತ್ತಿದ್ದರು. "ಊರಬ್ಯಾಡ ಅಂತ ಎಷ್ಟ ಬಡಕೊಂಡೆ! ಊರಿದ್ದಿ, ಅದಕ್ಕ ಮುರದಾದ."

"ದೇವರಾಣಿ ಊರಿಲ್ರಿ," ಎಂದು ಅವಳು ಅಳುತ್ತಿದ್ದಳು. ಕಾಲ ಹತ್ತಿರ ಕೂತಿದ್ದ ಅತ್ತೆ ಸೊಸೆಯ ಮುಖವನ್ನೂ ಡಾಕ್ಟರ ಮುಖವನ್ನೂ ನೋಡುತ್ತಿದ್ದಳು. ಅಷ್ಟರಲ್ಲಿ ನಾನು ಬಾಗಿಲಿಗೆ ಬಂದೆ. ಪ್ಲೇಟು ಮಾಡಿದವನು ಇವನೇ ಎಂದು ಯಾರೋ ಹೇಳಿದರು. ಅವಳು ನನ್ನ ಕಡೆ ತಿರುಗಿದಳು.

"ಅಣ್ಣಾ, ನೀವರೇ ಹೇಳ್ರಿ. ಕಬ್ಬಣ ತಾನಾಗೇ ಮುರಿತಾದೋ ಇಲ್ಲೋ?"

ಎರಡೂ ತುಣುಕು ನನ್ನ ಅಂಗಿಯ ಜೇಬಿನಲ್ಲಿದ್ದವು. "ಇಲ್ಲವ್ವಾ," ಅಂದೆ, "ತಾನಾಗೇ ಮುರಿಯಂಗಿಲ್ಲ."

ಅತ್ತೆ ಹಣೆ ಹಣೆ ಬಡಿದುಕೊಂಡಳು.

ಮುಂದೆ ಅವಳ ಆಪರೇಷನ್ನಿನ ಗಾಯ ಕೀವಾಯಿತು. ಕಾಲು ಉಳಿಯಿತು, ಆದರೆ ಎರಡು ಬೆರಳಿನಷ್ಟು ಗಿಡ್ಡಾಯಿತು. ನಾನು ಮುಂದಿನ ಪ್ಲೇಟುಗಳಿಗೆ ಚುಕ್ಕಿ ಹೊಡೆಯಲಿಲ್ಲ. "ಗುರುತೆಲ್ಲೋ?" ಎಂದು ಡಾಕ್ಟರು ಕೇಳಿದಾಗ, "ಪಂಚು ಮೊಂಡಾಗ್ಯಾದ್ರಿ," ಎಂದೆ. ಆ ಪ್ಲೇಟುಗಳಲ್ಲಿ ಒಂದೂ ಮುರಿಯಲಿಲ್ಲ. ಇದು ನನಗೆ ಸಮಾಧಾನ ಕೊಡಬೇಕಿತ್ತು. ಪ್ರತಿಯೊಂದು ಗಟ್ಟಿ ಪ್ಲೇಟೂ ಅವಳು ನಿಜ ಹೇಳಿದ್ದಳು ಎಂದು ಸಾಕ್ಷಿ ನುಡಿಯುತ್ತಿತ್ತು, ಆ ಸಾಕ್ಷಿಯನ್ನು ಕೇಳುವವನು ನಾನೊಬ್ಬನೇ. ಈ ಪ್ಲೇಟಿಗಾಗಿ ಊರಲ್ಲಿ ನನಗೆ ಶಾಲು ಹೊದಿಸಿದರು. ನಾಚಿಕೆಯಿಲ್ಲದೆ ಹೊದ್ದುಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅದೇ ಡಾಕ್ಟರು ನನ್ನದೇ ಪ್ಲೇಟು ಕೂಡಿಸಿದರು. ಬಿಡುಗಡೆಯ ದಿನ ಬೆರಳೆತ್ತಿ ಅವಳಿಗೆ ಹೇಳಿದರು: "ಕೊಹಿನೂರದ ಒಬ್ಬಾಕಿ ಮಾತು ಕೇಳ್ದೆ ಜಲ್ದಿ ಕಾಲು ಊರಿ ಕುಂಟಿ ಆದಳು. ನೀವು ಹಂಗ ಮಾಡಬ್ಯಾಡ್ರಿ." ಪಕ್ಕದಲ್ಲಿದ್ದ ನರ್ಸು ತಲೆಯಾಡಿಸಿದಳು. ಈ ಕತೆಯನ್ನು ಅವರು ಇಷ್ಟು ವರ್ಷ ಪ್ರತಿ ರೋಗಿಗೂ ಹೇಳುತ್ತ ಬಂದಿದ್ದರಂತೆ.

ಮನೆಯಲ್ಲಿ ಹೆಂಡತಿ ಮಂಚದ ಮೇಲೆ ಕೂತು, "ಆ ಕೊಹಿನೂರದಾಕಿಗಿ ಬುದ್ಧಿ ಬ್ಯಾಡೇನು?" ಎಂದಾಗ ನಾನು ಊಟದ ತಟ್ಟೆ ಸರಿಸಿ ಎದ್ದುಬಿಟ್ಟೆ. ಮರುದಿನ ಟೇಬಲ್ಲಿನ ಖಾನೆಯಿಂದ ಆ ಎರಡು ತುಣುಕು ತೆಗೆದುಕೊಂಡು ಕೊಹಿನೂರದ ಬಸ್ಸು ಹತ್ತಿದೆ. ಡಾಕ್ಟರಿಗಿಂತ ಮೊದಲು ಅವಳಿಗೇ ಹೇಳಬೇಕೆನಿಸಿತು.

ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಒಂದಕ್ಕೆ ಟೈರಿನ ತುಂಡು ಸೇರಿಸಿ ಎತ್ತರ ಮಾಡಲಾಗಿತ್ತು. ಗುರುತು ಹಿಡಿದು ನೀರು ಕೊಟ್ಟಳು. ನಾನು ಕುಡಿಯದೆ ಎಲ್ಲವನ್ನೂ ಹೇಳಿ, ತುಣುಕುಗಳನ್ನು ಅವಳ ಅಂಗೈಯಲ್ಲಿಟ್ಟು ಚುಕ್ಕಿ ತೋರಿಸಿದೆ.

"ಹಂಗಾದ್ರ ನಾ ಕಾಲ ಊರಿದ್ದಿಲ್ಲ?" ಎಂದು ಕೇಳಿದಳು.

"ಊರಿದ್ದಿಲ್ಲವ್ವಾ. ತಪ್ಪು ನಂದು."

"ಮೊದಲು ಆಣಿ ಮಾಡಿ ಹೇಳ್ತಿದ್ನಿರಿ. ಎಲ್ಲಾರೂ ಊರಿದ್ದಿ ಊರಿದ್ದಿ ಅಂದ ಮ್ಯಾಲ, ನಿದ್ದಿಗಣ್ಣಾಗ ಊರಿದ್ದೆ ಏನೋ ಅಂತ ನನಗೂ ಅನಸಾಕತ್ತು. ಈಗ ಯಾರರೇ ಕೇಳಿದ್ರ ಊರಿದ್ದೆ ಅಂತೇ ಹೇಳ್ತೀನಿ."

ಬೈಯಲಿ ಎಂದು ಕಾದೆ. ಬೈಯಿಸಿಕೊಂಡೇ ಹೋಗೋಣ ಎಂದು ಬಂದವನು ನಾನು. ಅವಳು ಬೈಯಲಿಲ್ಲ. ತುಣುಕುಗಳನ್ನು ವಾಪಸ್ಸು ತೆಗೆದುಕೊಳ್ಳಲು ಕೈ ಚಾಚಿದರೆ ಕೊಡದೆ ಸೆರಗಿಗೆ ಕಟ್ಟಿಕೊಂಡಳು. "ಗಂಡಗ ತೋರಸ್ತೀನ್ರಿ," ಅಂದಳು. ನಾನು ಎದ್ದು ಅಂಗಳದ ಬಾಗಿಲವರೆಗೆ ಹೋಗಿದ್ದೆ. ಹಿಂದಿನಿಂದ ಕರೆದಳು.

"ಅಣ್ಣಾ, ನಮ್ಮತ್ತಿ ಆರ ತಿಂಗಳು ನನ್ನ ಹಾಸಿಗಿ ಬಳದಾಕಿ. ಸಾಯೂ ತನಕ ಒಂದೇ ಮಾತು ಅಂತಿದ್ಲು, ಹದಿನೈದ ದಿನ ತಡಕೊಂಡಿದ್ರ ಏನಾಗ್ತಿತ್ತು ಅಂತ. ಆಕಿ ಹೋಗಿ ಎರಡ ವರ್ಷ ಆಯ್ತು. ಆಕಿ ಇದ್ದಾಗ ಬರಬೇಕಿತ್ರಿ."